ಎಮ್ಮೆಗುಂಡಿನ ಎರಡು ಮುಖ

ನಮ್ಮ ವಂಶದಲ್ಲಿ ಮೊದಲು ಬಿ.ಎ. ಮಾಡಿದವಳು ನಾನು. ಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದವಳೂ ನಾನೇ, ತನ್ನ ಹೆಸರನ್ನು ತಾನೇ ಬರೆದವರಲ್ಲಿ ಮೊದಲನೆಯವಳೂ ನಾನೇ. ಇದನ್ನು ಹೇಳುವಾಗ ನಾನು ತಲೆ ತಗ್ಗಿಸುವುದಿಲ್ಲ. ಕಷ್ಟಪಟ್ಟು ಓದಿದ್ದೇನೆ, ಹೇಳಿಕೊಳ್ಳುತ್ತೇನೆ. ಆದರೆ ಓದಿದವಳು ಮಾಡುವಂಥ ಒಂದು ತಪ್ಪನ್ನೂ ಮಾಡಿದ್ದೇನೆ. ಅದನ್ನೂ ಹೇಳಿಬಿಡುವುದು ಒಳ್ಳೆಯದು.

ಅಪ್ಪ ಕಲ್ಲು ಒಡೆಯುವವನು. ಜಯನಗರದ ಬಹುಭಾಗ ಇನ್ನೂ ನಕ್ಷೆಯ ಕಾಗದದ ಮೇಲೆಯೇ ಇದ್ದ ಐವತ್ತರ ದಶಕದಲ್ಲಿ ನಮ್ಮ ಗುಡಿಸಲು ಅಲ್ಲಿಯ ಒಂದು ಇಳಿಜಾರಿನಲ್ಲಿತ್ತು. ಸುತ್ತ ರಾಗಿಹೊಲ, ನಡುನಡುವೆ ಬಂಡೆ, ಆಚೆಗೆ ಸಾರಕ್ಕಿ ಕೆರೆಯ ಹೊಳಪು. ಬಡಾವಣೆಗೆ ಬೇಕಾದ ರಸ್ತೆಯ ಅಂಚುಗಲ್ಲು, ಮೋರಿಯ ಚಪ್ಪಡಿ, ಮನೆಗಳ ಪಾಯದ ಕಲ್ಲು ಎಲ್ಲವನ್ನೂ ಅಲ್ಲಿಂದಲೇ ಒಡೆದು ಕೊಡುತ್ತಿದ್ದರು. ಅಪ್ಪನ ಕೈಕೆಳಗೆ ಏಳೆಂಟು ಆಳುಗಳಿದ್ದರು. ಅವ್ವ ಮಂಕರಿಯಲ್ಲಿ ಜಲ್ಲಿ ಹೊರುತ್ತಿದ್ದಳು.

ಗುಡಿಸಲ ಮುಂದೆ ಒಂದು ದೊಡ್ಡ ಗುಂಡು ಇತ್ತು. ಎಮ್ಮೆಯೊಂದು ಕಾಲು ಮಡಿಸಿ ಮಲಗಿದ ಹಾಗೆ ಕಾಣುತ್ತಿದ್ದುದರಿಂದ ಎಲ್ಲರೂ ಅದನ್ನು ಎಮ್ಮೆಗುಂಡು ಅನ್ನುತ್ತಿದ್ದರು. ಅದರ ಒಂದು ಪಕ್ಕ ಗೋಡೆಯ ಹಾಗೆ ಚಪ್ಪಟೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನನ್ನ ಸ್ಲೇಟು ಬಿದ್ದು ಚೂರಾಯಿತು. ಹೊಸದು ಬೇಕೆಂದು ಅತ್ತೆ. ಅಪ್ಪ ಎಮ್ಮೆಗುಂಡಿನ ಪಕ್ಕೆಯನ್ನು ಅಂಗೈಯಿಂದ ತಟ್ಟಿ, "ತಗಾ, ಇದು ಬಿದ್ರೂ ಒಡೆಯಾಕಿಲ್ಲ" ಎಂದ.

ಅಂದಿನಿಂದ ಅದೇ ನನ್ನ ಸ್ಲೇಟು. ಸ್ಕೂಲಿನಲ್ಲಿ ಮೇಷ್ಟರು ಬಿಸಾಡಿದ ಸೀಮೆಸುಣ್ಣದ ಚೂರುಗಳನ್ನು ಲಂಗದ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದೆ. ಮಗ್ಗಿ, ಇಂಗ್ಲಿಷ್ ಸ್ಪೆಲಿಂಗು, ಆಮೇಲೆ ಬೀಜಗಣಿತ, ಎಲ್ಲವೂ ಅದರ ಮೇಲೆ. ಮಧ್ಯಾಹ್ನ ಮುದ್ದೆ ಉಣ್ಣಲು ಕೂತ ಆಳುಗಳಿಗೆ ಅದು ನೋಡುವ ವಸ್ತುವಾಗಿತ್ತು. ಒಮ್ಮೆ ಇಂಡಿಯಾದ ನಕ್ಷೆ ಬಿಡಿಸಿ ಉದ್ದನೆಯ ಒಂದು ಗೆರೆ ಎಳೆದಿದ್ದೆ.

"ಇದೇನವ್ವ?" ಎಂದು ಅಪ್ಪ ಕೇಳಿದ.

"ಗಂಗಾ ನದಿ."

"ನೀರೇ ಕಾಣಾಕಿಲ್ವಲ್ಲ?" ಎಂದು ತನ್ನ ಚೊಂಬಿನಿಂದ ಒಂದು ಹಿಡಿ ನೀರು ಚಿಮುಕಿಸಿದ. ಗಂಗೆ ಒರಸಿಹೋದಳು. ಆಳುಗಳೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಅಳಿಸಿದ್ದನ್ನು ಮತ್ತೆ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಹೀಗೆ. ಮಳೆ ಅಳಿಸಿದರೆ ಮತ್ತೆ ಬರೆದೆ, ಮೇಕೆ ಮೈ ಉಜ್ಜಿ ಅಳಿಸಿದರೆ ಮತ್ತೆ ಬರೆದೆ.

ಬಿ.ಎ. ಮುಗಿಯುವ ಹೊತ್ತಿಗೆ ಗುಡಿಸಲು ಎತ್ತಿಸಿದ್ದರು. ನಾವು ಸಾರಕ್ಕಿ ಕಡೆಗೆ ಹೋದೆವು. ನನಗೆ ಬಡಾವಣೆಯ ಆಫೀಸಿನಲ್ಲೇ ಗುಮಾಸ್ತೆಯ ಕೆಲಸ ಸಿಕ್ಕಿತು. ತಗಡಿನ ಮಾಡು, ಆರು ಮೇಜು, ಒಂದು ಟೈಪ್‌ರೈಟರು. ಹೆಂಗಸು ಅಂತ ಅಲ್ಲಿ ನಾನೊಬ್ಬಳೇ. ಸೇರಿದ ಮೂರನೇ ತಿಂಗಳು ಎಂಜಿನಿಯರು ಒಂದು ಕೆಲಸಗಳ ಪಟ್ಟಿಯನ್ನು ಟೈಪು ಮಾಡಲು ಕೊಟ್ಟರು. ಹೊಸ ಪಾರ್ಕಿಗೆ ಬೇಲಿ, ನಡೆಯುವ ದಾರಿ, ನಲ್ಲಿ. ನಾಲ್ಕನೆಯದು ಹೀಗಿತ್ತು: ಪಾರ್ಕಿನ ಮಧ್ಯೆ ಇರುವ ಬಂಡೆಯನ್ನು ಒಡೆದು ಜಲ್ಲಿ ಮಾಡಿ ಜಾಗ ಸಮ ಮಾಡುವುದು.

ನಕ್ಷೆ ತೆಗೆದು ನೋಡಿದೆ. ನನ್ನ ಸ್ಲೇಟೇ. ಆ ಒಂದು ಸಾಲು ಬಿಟ್ಟು ಉಳಿದದ್ದನ್ನು ಟೈಪು ಮಾಡಿ ಒಳಗೆ ಕಳಿಸಿದೆ.

ಎಂಜಿನಿಯರು ಕರೆದರು. "ಏನಮ್ಮ, ಒಂದು ಐಟಂ ಬಿಟ್ಟುಬಿಟ್ಟಿದ್ದೀರಲ್ಲ?"

"ಬಿಟ್ಟುಹೋಗಿದ್ದಲ್ಲ ಸಾರ್. ನಿಮ್ಮನ್ನ ಕೇಳಿ ಬರೆಯೋಣ ಅಂತ ಬಿಟ್ಟೆ."

"ಏನ್ ಕೇಳೋದು?"

"ಆ ಬಂಡೆ ಒಡೀಲೇಬೇಕಾ ಅಂತ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೆಟ್ಟ ಮನುಷ್ಯರೇನಲ್ಲ. ಕೆಲಸ ಮುಗಿಯಬೇಕು, ಫೈಲು ಮುಚ್ಚಬೇಕು, ಅಷ್ಟೇ ಅವರಿಗೆ. "ಇರಲಿ ಅನ್ನೋಕೆ ಒಂದು ಕಾರಣ ಕೊಡಿ" ಎಂದರು.

ಕಾರಣ ನನ್ನ ಕಣ್ಣೆದುರಿಗೇ ಓಡಾಡುತ್ತಿತ್ತು. ಆರು ತಿಂಗಳಿಂದ ಆಫೀಸಿಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬರುತ್ತಿದ್ದರು ಎಂದು ನಮ್ಮ ಜವಾನ ಹೇಳಿದ್ದ. ಬಂದದ್ದನ್ನು ನಾನೂ ನೋಡಿದ್ದೆ. ಸಣಕಲು ಮೈ, ಖಾದಿ ಜುಬ್ಬ, ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿದ ಕಾಗದ. ಕಲ್ಲಿನ ಶಿಲ್ಪ ಮಾಡುತ್ತಿದ್ದರು. ಊರಿನ ನಡುವೆ, ಜನ ಓಡಾಡುವ ಜಾಗದಲ್ಲಿ, ಒಂದು ಕಲ್ಲು ನಿಲ್ಲಿಸಲು ಅನುಮತಿ ಬೇಕಿತ್ತು ಅವರಿಗೆ.

"ಯಾರ ಸ್ಟ್ಯಾಚು?" ಎಂದು ಹೆಡ್ ಗುಮಾಸ್ತರು ಕೇಳಿದ್ದರು.

"ಯಾರದ್ದೂ ಅಲ್ಲ."

"ದೇವರದ್ದೋ?"

"ಅಲ್ಲ."

"ಮತ್ತೆ ಏನದು?"

"ಕಲ್ಲಿಂದು."

ಆಫೀಸು ಪೂರಾ ನಕ್ಕಿತ್ತು. ಮೇಷ್ಟ್ರೂ ನಕ್ಕು, ಕಾಗದ ಸುತ್ತಿಕೊಂಡು, ಮುಂದಿನ ವಾರ ಮತ್ತೆ ಬಂದಿದ್ದರು. ಅಳಿಸಿದ್ದನ್ನು ಮತ್ತೆ ಬರೆಯುವ ಜಾತಿಯವರು ಎಂದು ನನಗೆ ಆಗಲೇ ಅನ್ನಿಸಿತ್ತು.

ಎಂಜಿನಿಯರಿಗೆ ಹೇಳಿದೆ. "ಆ ಮೇಷ್ಟ್ರಿಗೆ ಕಲ್ಲು ಬೇಕು, ಜಾಗ ಬೇಕು. ಎರಡೂ ನಮ್ಮ ಪಾರ್ಕಲ್ಲೇ ಇವೆ. ಕಲ್ಲು ಸೀಳೋಕೆ, ನಿಲ್ಸೋಕೆ ನಮ್ಮಪ್ಪ ಇದಾನೆ."

"ಯಾರು ನಿಮ್ಮಪ್ಪ?"

"ನಿಮ್ಮ ರಸ್ತೆ ಅಂಚುಗಲ್ಲೆಲ್ಲ ನಮ್ಮಪ್ಪಂದೇ ಕೆಲಸ ಸಾರ್."

ಅವರು ಸ್ವಲ್ಪ ಹೊತ್ತು ಪೆನ್ಸಿಲು ಕುಟ್ಟಿದರು. ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದರು. ಪಾರ್ಕು ತೆರೆಯುವ ದಿನಕ್ಕೆ ಕೆಲಸ ಮುಗಿದಿರಬೇಕು. 'ಇದು ನನ್ನ ಶಿಲ್ಪ, ಪೂರ್ತಿಯಾಗಿದೆ, ಒಪ್ಪಿಸಿದ್ದೇನೆ' ಎಂದು ಮೇಷ್ಟ್ರು ಬರೆದುಕೊಡಬೇಕು. ಆ ಕಾಗದ ಫೈಲಿಗೆ ಬರದಿದ್ದರೆ ಬಂಡೆ ಜಲ್ಲಿಯಾಗುತ್ತದೆ. "ಒಡೆಯೋದೂ ನಿಮ್ಮಪ್ಪನೇ" ಎಂದರು. ಹೆದರಿಸಲು ಹೇಳಿದ್ದಲ್ಲ. ಗುತ್ತಿಗೆ ಹಾಗಿತ್ತು.

ಮೇಷ್ಟ್ರು ಎಮ್ಮೆಗುಂಡನ್ನು ಎರಡು ದಿನ ಸುತ್ತು ಹಾಕಿದರು, ಮುಟ್ಟಿದರು, ಕಿವಿಯಿಟ್ಟು ತಟ್ಟಿದರು. ಆಮೇಲೆ ಅದನ್ನು ಉದ್ದಕ್ಕೆ ಎರಡು ಸೀಳಾಗಿಸಿ, ಒಂದು ಸೀಳನ್ನು ತುದಿಯ ಮೇಲೆ ನಿಲ್ಲಿಸಿಕೊಡಿ ಎಂದು ಅಪ್ಪನನ್ನು ಕೇಳಿದರು. ಅಪ್ಪ ಗುಂಡಿಗೆ ಕುಂಕುಮ ಇಟ್ಟು, ಕಾಯಿ ಒಡೆದು ಕೆಲಸ ಶುರುಮಾಡಿದ. ಬೆನ್ನ ಮೇಲೆ ಬಣ್ಣದ ದಾರ ಹಿಡಿದು ಗೆರೆ ಹಾಕಿದ. ಗೆರೆಯ ಮೇಲೆ ಗೇಣು ಗೇಣಿಗೆ ಒಂದೊಂದು ಗುಳಿ ತೋಡಿದರು. ಪ್ರತಿ ಗುಳಿಗೂ ಒಂದು ಕಬ್ಬಿಣದ ಬೆಣೆ. ಅಪ್ಪ ಈ ತುದಿಯಿಂದ ಆ ತುದಿಗೆ ಒಂದೊಂದು ಬೆಣೆಗೂ ಒಂದೊಂದೇ ಏಟು ಹಾಕುತ್ತಾ ಹೋದ, ಮತ್ತೆ ಈಚೆಯಿಂದ ಶುರು. ಅವಸರವಿಲ್ಲ. ಏಟಿನ ಸದ್ದು ಮೊದಲು ಗಂಟೆಯ ಹಾಗಿದ್ದದ್ದು ಬರುಬರುತ್ತಾ ಮಂದವಾಯಿತು. ಅಪ್ಪ ಸುತ್ತಿಗೆ ಕೆಳಗಿಟ್ಟು, "ಈಗ ಸುಮ್ಕಿರಿ" ಎಂದ. ನಾವೆಲ್ಲ ಸುಮ್ಮನೆ ನಿಂತೆವು. ಒಳಗೆಲ್ಲೋ ಬಟ್ಟೆ ಹರಿದಂಥ ಶಬ್ದವಾಗಿ ಎಮ್ಮೆಗುಂಡು ತಾನಾಗಿಯೇ ಬಿಟ್ಟುಕೊಂಡಿತು.

ಹೀಗೆ ಸೀಳಿದ ಕಲ್ಲಿನ ಅಂಚಿನಲ್ಲಿ ಅರ್ಧರ್ಧ ಗುಳಿಗಳ ಸಾಲು ಉಳಿಯುತ್ತದೆ. ನಮ್ಮವರು ಅದನ್ನು ಹಲ್ಲು ಅನ್ನುತ್ತಾರೆ. ಮನೆ ಕಟ್ಟುವವರಿಗೆ ಕಲ್ಲು ಕೊಡುವಾಗ ಹಲ್ಲು ಹೊಡೆದು, ಸೀಳಿದ ಮುಖವನ್ನು ಉಳಿಯಿಂದ ಮಟ್ಟ ಮಾಡಿ ಕೊಡಬೇಕು. ಹಲ್ಲು ಬಿಟ್ಟ ಕಲ್ಲನ್ನು ಒಪ್ಪಿಸಿದರೆ ಕೊಂಡವನಿಗೆ ಅವಮಾನ ಮಾಡಿದ ಹಾಗೆ. ಅಪ್ಪ ಅಂಥ ಕಲ್ಲನ್ನು ಎಂದೂ ಯಾರಿಗೂ ಕೊಟ್ಟವನಲ್ಲ.

ಒಂದು ಸೀಳನ್ನು ಮೂರು ಕಂಬ ಕಟ್ಟಿ, ಸರಪಳಿ ಹಾಕಿ ನಿಲ್ಲಿಸಿದರು. ಇನ್ನೊಂದನ್ನು ಮರದ ತುಂಡುಗಳ ಮೇಲೆ ಉರುಳಿಸಿಕೊಂಡು ಪಾರ್ಕಿನ ಬೇಲಿಯಾಚೆ ರಸ್ತೆಗೆ ತಂದರು. ಲಾರಿ ಬರಲಿಲ್ಲ. ಹಲ್ಲಿನ ಮುಖ ಕೆಳಗಾಗಿ ಅದು ಅಲ್ಲೇ, ಎದುರು ಮನೆಯ ಗೇಟಿನ ಪಕ್ಕದಲ್ಲಿ, ಉಳಿದುಕೊಂಡಿತು. ಆ ಮನೆಯಲ್ಲಿ ಒಬ್ಬ ರಿಟೈರ್ಡ್ ತಹಶೀಲ್ದಾರರಿದ್ದರು. ಮೂರೇ ದಿನಕ್ಕೆ ಅವರೂ ಅವರ ಇಬ್ಬರು ಸ್ನೇಹಿತರೂ ಸಂಜೆ ಹೊತ್ತು ಅದರ ಮೇಲೆ ಟವಲು ಹಾಸಿ ಕೂರಲು ಶುರುಮಾಡಿದರು. ಅಲ್ಲಿಂದ ಮೇಷ್ಟ್ರ ಕೆಲಸ ಚೆನ್ನಾಗಿ ಕಾಣುತ್ತಿತ್ತು.

"ಏನಮ್ಮ, ಇದಕ್ಕೆ ಮೂಗಿಲ್ಲ, ಕಣ್ಣಿಲ್ಲ" ಎಂದು ನನ್ನನ್ನು ತಡೆದು ಕೇಳಿದರು. "ಹಿಂದೆ ಯಾವುದು, ಮುಂದೆ ಯಾವುದು? ನಮಸ್ಕಾರ ಮಾಡೋದಾದರೆ ಯಾವ ಕಡೆ ನಿಂತು ಮಾಡೋದು?"

"ನಮಸ್ಕಾರ ಮಾಡ್ಬೇಕಾಗಿಲ್ಲ ಸಾರ್. ನೋಡಿದ್ರೆ ಸಾಕು."

"ನೋಡಿಯೇ ಅರ್ಜಿ ಬರೆದಿರೋದು" ಎಂದರು. ನಿಜವಾಗಿಯೂ ಬರೆದಿದ್ದರು. ಮೂಗು ಕಣ್ಣಿಲ್ಲದ ಕಲ್ಲನ್ನು ತೆಗೆಸಿ ಕಾರಂಜಿ ಹಾಕಿಸಬೇಕೆಂದು ಕೋರಿದ ಆ ಅರ್ಜಿ ನನ್ನ ಮೇಜಿಗೇ ಬಂತು. ಸ್ವೀಕರಿಸಿ, ನಂಬರು ಹಾಕಿ, ಫೈಲಿಗೆ ಸೇರಿಸಿದೆ.

ಮೇಷ್ಟ್ರು ಸುಮಾರು ನಾಲ್ಕು ತಿಂಗಳು ದುಡಿದರು. ನಾನು ಬರೆಯುತ್ತಿದ್ದ ಚಪ್ಪಟೆ ಪಕ್ಕೆಯಲ್ಲಿ ಮೇಲಿಂದ ಕೆಳಗೆ ಒಂದು ನೀಳವಾದ ತಗ್ಗು ಕೊರೆದರು. ನೀರು ಹರಿದು ಹರಿದು ಮಾಡಿದ ಹಾಗೆ ಅದು ನುಣುಪಾಗಿತ್ತು. ನನ್ನ ಗಂಗೆಯ ಕಥೆ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಸೀಳಿದ ಮುಖವನ್ನು ಮಾತ್ರ ಅವರು ಮುಟ್ಟಲಿಲ್ಲ. ಯಾಕೆಂದು ಒಂದು ದಿನ ಕೇಳಿದೆ.

"ಈ ಹಲ್ಲು ನೋಡಿ" ಎಂದರು. "ಕಲ್ಲು ಎರಡಾದ ಘಳಿಗೆ ಇದು. ಇಷ್ಟು ವರ್ಷ ಒಳಗೇ ಇದ್ದದ್ದು ಅವತ್ತು ಮೊದಲ ಸಲ ಬಿಸಿಲು ಕಂಡಿತು. ನಾನು ಎಷ್ಟು ಕೆತ್ತಿದರೂ ಇಂಥದ್ದು ಬರೋಲ್ಲ. ಇದು ನಿಮ್ಮ ತಂದೆಯವರ ಕೈ. ಈ ಕಡೆ ನಂದು, ಆ ಕಡೆ ಅವರದು. ಎರಡೂ ಸೇರಿದರೇನೇ ಈ ಕಲ್ಲು."

ನನಗೆ ಆ ಮಾತು ತುಂಬಾ ಹಿಡಿಸಿತು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಇಂಗ್ಲಿಷಿಗೆ ಹಾಕಿಕೊಂಡು ಖುಷಿಪಟ್ಟೆ. ಮನೆಗೆ ಹೋಗಿ ಅಪ್ಪನಿಗೆ ಹೇಳಲಿಲ್ಲ. ಇಂಥ ಮಾತು ಓದಿದವರಿಗೆ, ಅಪ್ಪನಿಗೆ ಏನು ತಿಳಿಯುತ್ತದೆ ಎಂದುಕೊಂಡೆ. ನಾನು ಮಾಡಿದ ತಪ್ಪು ಇದು.

ಪಾರ್ಕು ತೆರೆಯಲು ಹತ್ತು ದಿನವಿದ್ದಾಗ ಮೇಷ್ಟ್ರು ತಾಯಿಯ ತಿಥಿಗೆಂದು ಊರಿಗೆ ಹೊರಟರು. ಸೋಮವಾರ ಎಂಜಿನಿಯರು ನೋಡಲು ಬರುವ ಹೊತ್ತಿಗೆ ತಾನೂ ಬರುತ್ತೇನೆ, ಅಲ್ಲಿಯವರೆಗೆ ನೋಡಿಕೊಳ್ಳಿ ಎಂದು ನನಗೆ ಹೇಳಿ ಹೋದರು. ಶನಿವಾರ ಸಂಜೆ ನಾನು ಅಪ್ಪನಿಗೆ ಹೇಳಿದೆ. "ಸೋಮವಾರ ಸಾಹೇಬ್ರು ನೋಡೋಕೆ ಬರ್ತಾರಪ್ಪ. ಒಂದು ಕುಂದು ಇರಬಾರದು. ಕುಂದು ಕಂಡ್ರೆ ಜಲ್ಲಿ ಮಾಡಿಸ್ಬಿಡ್ತಾರೆ."

ಭಾನುವಾರ ಬೆಳಗ್ಗೆ ಅಪ್ಪ ಉಳಿ ಸುತ್ತಿಗೆಯ ಚೀಲ ಹೆಗಲಿಗೇರಿಸಿ ಹೋದ. ಸಂಜೆ ಮೈಯೆಲ್ಲ ಕಲ್ಲಿನ ಹಿಟ್ಟು ಮಾಡಿಕೊಂಡು ಬಂದು, ಸ್ನಾನ ಮಾಡಿ, ನೆಮ್ಮದಿಯಾಗಿ ಉಂಡ. ಬೇರೆ ಕಡೆ ಕೆಲಸವಿರಬೇಕು ಎಂದುಕೊಂಡೆ.

ಸೋಮವಾರ ಪಾರ್ಕಿಗೆ ಕಾಲಿಟ್ಟವಳು ಬೇಲಿಯ ಹತ್ತಿರವೇ ನಿಂತೆ. ಸೀಳಿದ ಮುಖದಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಮೇಲಿಂದ ಕೆಳಗೆ ಸಣ್ಣ ಉಳಿಯ ಗುರುತು, ಒಂದರ ಪಕ್ಕ ಒಂದು, ರಾಗಿ ಚೆಲ್ಲಿದ ಹಾಗೆ ಒಂದೇ ಸಮ. ಅಷ್ಟು ಚಂದದ ಮಟ್ಟದ ಕೆಲಸವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅಪ್ಪ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದ.

"ಏನಪ್ಪಾ ಮಾಡ್ಬಿಟ್ಟೆ?"

"ಮೇಷ್ಟ್ರು ಮೆದು ಕೈಯೋರು ಕಣವ್ವ. ಈ ಮಕ ಅವ್ರ ಕೈಲಾಗ್ದೆ ಹಂಗೇ ಬುಟ್ಟಿದ್ರು, ಪಾಪ. ನೀನು ಕುಂದು ಇರ್ಬಾರ್ದು ಅಂದ್ಯಲ್ಲ. ಹಲ್ಲು ಬುಟ್ಕೊಂಡು ನಿಂತಿತ್ತು. ನೋಡ್ದೋರು ನಿನ್ನ ಏನಂದಾರು?"

ಅಷ್ಟರಲ್ಲಿ ಮೇಷ್ಟ್ರು ಬಸ್ಸಿಳಿದು ನೇರ ಬಂದರು. ತಲೆ ಬೋಳಿಸಿಕೊಂಡಿದ್ದರು, ಅದರಿಂದ ಇನ್ನೂ ಸಣ್ಣಗೆ ಕಾಣುತ್ತಿದ್ದರು. ಕಲ್ಲನ್ನು ಒಂದು ಸುತ್ತು ಹಾಕಿ, ಆ ಮುಖದ ಮುಂದೆ ನಿಂತು, ಅಂಗೈ ಆಡಿಸಿದರು. ಚೀಲ ಕೆಳಗಿಟ್ಟು ನೆಲದ ಮೇಲೆ ಕೂತರು.

ಎಂಜಿನಿಯರು ಬಂದರು. ಅವರಿಗೆ ಕೆಲಸ ಬಹಳ ಮೆಚ್ಚುಗೆಯಾಯಿತು. "ಫಸ್ಟ್ ಕ್ಲಾಸ್ ಫಿನಿಶಿಂಗ್" ಎಂದು ಕಾಗದ ತೆಗೆದು ಮೇಷ್ಟ್ರ ಮುಂದೆ ಹಿಡಿದರು. ಮೇಷ್ಟ್ರು ತೆಗೆದುಕೊಳ್ಳಲಿಲ್ಲ.

"ಕ್ಷಮಿಸಿ ಸಾರ್. ಇದು ಚೆನ್ನಾಗಿದೆ. ಆದರೆ ನನ್ನದಲ್ಲ. ನನ್ನ ಶಿಲ್ಪ ಅಂತ ನಾನು ಬರೆದುಕೊಡಲಾರೆ."

ಯಾಕೆಂದು ನಾನೇ ಎಂಜಿನಿಯರಿಗೆ ಹೇಳಿದೆ. ಮೇಷ್ಟ್ರು ನನಗೆ ಹೇಳಿದ್ದ ಮಾತನ್ನು ಒಂದಕ್ಷರ ಬಿಡದೆ ಅಪ್ಪನ ಎದುರಿಗೇ ಹೇಳಿದೆ. ಅಪ್ಪನ ಬೀಡಿ ಆರಿಹೋಯಿತು. ನನ್ನ ಕಡೆ ತಿರುಗಿ, "ಈ ಮಾತು ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಅರ್ಥ ಆಗಲ್ಲ ಅಂದ್ಕೊಂಡೆ" ಎಂದೆ. ಸುಳ್ಳು ಹೇಳುವುದಕ್ಕಿಂತ ಅದೇ ವಾಸಿ ಎನ್ನಿಸಿತು. ಅಪ್ಪ ನೆಲ ನೋಡಿದ. ನಾನು ಇವತ್ತಿಗೂ ಆ ನೋಟ ಮರೆತಿಲ್ಲ.

ಆಮೇಲೆ ಎದ್ದು ಮೇಷ್ಟ್ರ ಮುಂದೆ ಹೋಗಿ ನಿಂತ. "ಬುದ್ಧಿ, ಹಲ್ಲು ತಾನೇ? ಇನ್ನೊಂದ್ಸಲ ಗುಳಿ ತೋಡಿ ಮಾಡ್ಕೊಟ್ಬುಡ್ತೀನಿ."

ಮೇಷ್ಟ್ರಿಗೆ ಆ ಸಂಕಟದಲ್ಲೂ ನಗು ಬಂತು. "ಕಟ್ಟಿಸಿದ ಹಲ್ಲು ಬೇಡ ಯಜಮಾನ್ರೇ. ಹುಟ್ಟಿದ ಹಲ್ಲು ಬೇಕಿತ್ತು."

"ಹಾಗಾದರೆ ಇದು ಯಾರ ಶಿಲ್ಪವೂ ಅಲ್ಲ" ಎಂದು ಎಂಜಿನಿಯರು ಕಾಗದ ಮಡಿಸಿದರು. "ಮುಂದಿನ ಭಾನುವಾರ ಪಾರ್ಕು ತೆರೀಬೇಕು. ಗುರುವಾರದ ಒಳಗೆ ಒಡೆದು ಜಾಗ ಸಮ ಮಾಡಿ." ಅಪ್ಪನಿಗೆ ಹೇಳಿದ್ದು. ಅಪ್ಪ ತಾನು ಒಂದು ದಿನವಿಡೀ ಸವರಿದ ಮುಖಕ್ಕೆ ತಾನೇ ಸುತ್ತಿಗೆ ಹಾಕಬೇಕಿತ್ತು.

ಆ ಸಂಜೆ ಮನೆಯಲ್ಲಿ ಅವ್ವ ಗೊಣಗುತ್ತಿದ್ದಳು. "ನಾಕು ತಿಂಗ್ಳು ಕುಟ್ಟುದ್ದು ಅವ್ರದಲ್ಲ ಅಂತೆ, ಒಂದು ದಿನ ಕುಟ್ಟುದ್ದು ತಪ್ಪಂತೆ. ಮದ್ವೆ ಮಾಡ್ಕೊಂಡಿದ್ರೆ ಮೇಷ್ಟ್ರಿಗೆ ಈ ಯೋಚ್ನೆ ಎಲ್ಲಾ ಬತ್ತಿರ್ಲಿಲ್ಲ." ನಾನು ಅಪ್ಪನ ಮುಂದೆ ಕೂತೆ. ಈ ಸಲ ಏನನ್ನೂ ಬಿಡದೆ ಎಲ್ಲಾ ಹೇಳಿದೆ. ಮೇಷ್ಟ್ರು ಕೊರೆದ ತಗ್ಗು ಯಾಕೆ ನೀರಿನ ಹಾಗಿದೆ, ಅದರ ಎದುರಿಗೆ ಒರಟು ಯಾಕೆ ಬೇಕು, ಮೂಗು ಕಣ್ಣು ಇಲ್ಲದ ಕಲ್ಲನ್ನು ಜನ ಯಾಕೆ ನೋಡಬೇಕು ಅನ್ನುತ್ತಾರೆ, ಎಲ್ಲಾ. ಅಪ್ಪ ಕೇಳಿದ. ನಡುವೆ ಒಂದೆರಡು ಪ್ರಶ್ನೆ ಹಾಕಿದ. ಅವು ನನ್ನ ಕಾಲೇಜಿನಲ್ಲಿ ಯಾರೂ ಕೇಳದಂಥವು. "ಹಂಗಾದ್ರೆ ಜನ ಅದ್ನ ಸುತ್ತು ಹಾಕ್ಬೇಕು, ಎದ್ರುಗೆ ನಿಂತ್ಕಂಡ್ರೆ ಸಾಲ್ದು, ಅಲ್ವಾ?" ಎಂದ. ನನಗೂ ಅದು ಹೊಳೆದಿರಲಿಲ್ಲ.

ಎಲ್ಲ ಕೇಳಿಯಾದ ಮೇಲೆ ತಟ್ಟೆ ಪಕ್ಕಕ್ಕಿಟ್ಟು ಹೇಳಿದ. "ಅಲ್ಲ ಕಣವ್ವ, ನಾನು ಹೊಡ್ದಿದ್ದು ಮೇಲ್ದವಡೆ. ಕೆಳದವಡೆ ಇನ್ನೂ ಹಂಗೇ ಅದೆ."

"ಅಂದ್ರೆ?"

"ಒಂದೊಂದು ಗುಳೀನೂ ಎರಡು ಪಾಲಾಗಿರ್ತದೆ. ಅರ್ಧ ಈ ಸೀಳಿಗೆ, ಅರ್ಧ ಆ ಸೀಳಿಗೆ. ತಹಶೀಲ್ದಾರಪ್ಪ ಕುಂತವ್ರಲ್ಲ, ಅದ್ರ ಅಡೀಲಿ."

ಮರುದಿನ ಬೆಳಗ್ಗೆ ಮೊದಲು ಮೇಷ್ಟ್ರ ಸ್ಕೂಲಿಗೆ ಹೋದೆ. ಎರಡೂ ಸೀಳನ್ನು ಎದುರುಬದುರು ನಿಲ್ಲಿಸಿದರೆ ಹೇಗೆ ಎಂದು ಕೇಳಿದೆ. ಅಪ್ಪ ಮಟ್ಟ ಮಾಡಿದ ಮುಖದ ಎದುರಿಗೆ ಹಲ್ಲಿನ ಮುಖ. ಅವರು ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದರು, ಒರಸಿದರು, ಇನ್ನಷ್ಟು ಹತ್ತಿರ ಎಳೆದರು. ಮಕ್ಕಳು ಕಾಯುತ್ತಿದ್ದರು. "ನಡುವೆ ಒಬ್ಬರು ಹಾದುಹೋಗುವಷ್ಟು ಜಾಗ" ಎಂದು ತಮಗೇ ಹೇಳಿಕೊಂಡರು. ನನ್ನ ಕಡೆ ತಿರುಗಿ, "ನಿಲ್ಲಿಸಿ ನೋಡೋಣ. ನಿಂತ ಮೇಲೆ ಹೇಳ್ತೀನಿ, ಈಗಲೇ ಮಾತು ಕೊಡಲ್ಲ" ಎಂದರು. ಅಷ್ಟು ಸಾಕಾಗಿತ್ತು ನನಗೆ. ಎಂಜಿನಿಯರಿಂದ ಗುರುವಾರ ಸಂಜೆಯವರೆಗೆ ತಡೆ ಕೇಳಿ ಪಡೆದೆ.

ಉಳಿದದ್ದು ತಹಶೀಲ್ದಾರರು. ಕಲ್ಲು ಆಫೀಸಿನದೇ; ಒಂದು ಚೀಟಿ ಬರೆದು ಎತ್ತಿಸಬಹುದಿತ್ತು. ಆದರೆ ಎತ್ತಿಸಿದರೆ ಅವರು ಮೇಲಿನವರಿಗೆ ಇನ್ನೊಂದು ಅರ್ಜಿ ಬರೆಯುತ್ತಿದ್ದರು, ಅದರ ವಿಚಾರಣೆ ಮುಗಿಯುವ ಹೊತ್ತಿಗೆ ಜಲ್ಲಿ ರಸ್ತೆಗೆ ಬಿದ್ದಿರುತ್ತಿತ್ತು. ಸಂಜೆ ಹೋದೆ. ಮೂವರೂ ಸಾಲಾಗಿ ಕೂತಿದ್ದರು.

"ಸಾರ್, ಸ್ವಲ್ಪ ಏಳಬೇಕು."

"ಯಾಕಮ್ಮ? ಕೂರೋಕೂ ಅನುಮತಿ ಬೇಕಾ?"

"ನೀವು ಕೂತಿರೋದು ಆ ಶಿಲ್ಪದ ಇನ್ನೊಂದು ಅರ್ಧ. ಮೂಗಿಲ್ಲ ಕಣ್ಣಿಲ್ಲ ಅಂತ ಅರ್ಜಿ ಬರೆದ್ರಲ್ಲ, ಅದರ ಮೇಲೇ ಕೂತು ಬರೆದಿದ್ದೀರಿ."

ಇಬ್ಬರು ಸ್ನೇಹಿತರು ಥಟ್ಟನೆ ಎದ್ದರು. ತಹಶೀಲ್ದಾರರು ಏಳಲಿಲ್ಲ. "ನಾಲ್ಕು ತಿಂಗಳು ಕೂತಿದೀನಿ. ಸೊಂಟನೋವು ಎಷ್ಟೋ ವಾಸಿಯಾಗಿದೆ. ಬಿಡೋಲ್ಲ" ಎಂದರು.

"ಅಂದ್ರೆ ಕಲ್ಲು ಚೆನ್ನಾಗಿದೆ ಅಂತಾಯ್ತಲ್ಲ ಸಾರ್."

"ಕೂರೋಕೆ ಚೆನ್ನಾಗಿದೆ. ನೋಡೋಕೆ ಅಂತ ಯಾರಂದ್ರು?"

ಅಪ್ಪ ನನ್ನ ಹಿಂದೆ ನಿಂತಿದ್ದ. ಮುಂದೆ ಬಂದು ಕೈಮುಗಿದ. "ಸ್ವಾಮಿ, ನಾಳೆ ಸಂಜೆ ಒಳಗೆ ಇದೇ ಜಾಗದಲ್ಲಿ ನಿಮ್ಗೆ ಒರಗಾಕೆ ಬೆನ್ನಿರೋ ಬೆಂಚು ಮಾಡ್ಕೊಡ್ತೀನಿ. ಇದ್ಕೆ ಬೆನ್ನಿಲ್ಲ. ನಾಕು ತಿಂಗ್ಳಿಂದ ನೋಡ್ತಾವ್ನಿ, ನೀವು ಬಗ್ಗಿ ಬಗ್ಗಿ ಕೂರ್ತೀರಿ."

ತಹಶೀಲ್ದಾರರು ಅಪ್ಪನನ್ನು ಮೊದಲ ಸಲ ನೆಟ್ಟಗೆ ನೋಡಿದರು. "ಎಷ್ಟು ಅಗಲ?"

"ಮೂವರಿಗೆ."

"ನಾಲ್ವರಿಗೆ ಮಾಡು. ಒಬ್ಬರು ಮೈಸೂರಿಂದ ಬರೋರಿದ್ದಾರೆ" ಎಂದು ಟವಲು ಝಾಡಿಸಿಕೊಂಡು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ, "ಅರ್ಜಿ ವಾಪಸು ತಗೊಳ್ಳೋಲ್ಲ, ತಿಳೀತಾ?" ಎಂದರು.

"ಬೇಡ ಸಾರ್. ಫೈಲಲ್ಲೇ ಇರ್ಲಿ" ಎಂದೆ.

ಬುಧವಾರ ಅಪ್ಪ ಅರ್ಧ ಆಳುಗಳನ್ನು ಬೆಂಚಿಗೆ ಹಾಕಿ, ಉಳಿದರ್ಧವನ್ನು ಕರೆದುಕೊಂಡು ಸೀಳನ್ನು ಮಗುಚಿದ. ಅಡಿಯಲ್ಲಿ ಮಣ್ಣು ಮೆತ್ತಿತ್ತು, ಇರುವೆ ಗೂಡು ಕಟ್ಟಿತ್ತು. ಅವ್ವ ನಾಲ್ಕು ಕೊಡ ನೀರು ಹೊಯ್ದಳು. ಹಲ್ಲಿನ ಸಾಲು ತೊಳೆದುಕೊಂಡು ಹೊರಬಂತು, ಒಂದೂ ಮುಕ್ಕಾಗದೆ. ಗುರುವಾರ ಮಧ್ಯಾಹ್ನ ಅದು ತನ್ನ ಜೊತೆಯ ಎದುರು ನಿಂತಿತು. ಸರಪಳಿ ಬಿಚ್ಚುವವರೆಗೆ ಮೇಷ್ಟ್ರು ದೂರದಲ್ಲೇ ಇದ್ದರು. ಆಮೇಲೆ ಬಂದು ನಡುವೆ ಹಾದರು. ಒಂದು ಅಂಗೈ ಅಪ್ಪನ ನುಣುಪಿನ ಮೇಲೆ, ಇನ್ನೊಂದು ಹಲ್ಲಿನ ಮೇಲೆ. ಆಚೆ ಹೋಗಿ, ಸುತ್ತು ಹಾಕಿ, ಮತ್ತೆ ಹಾದರು. ಮೂರನೆಯ ಸಲ ನಡುವೆಯೇ ನಿಂತುಬಿಟ್ಟರು.

"ನಾನು ಒಬ್ಬನೇ ಮಾಡಿದ್ದರೆ ಇಷ್ಟು ಆಗ್ತಿರಲಿಲ್ಲ" ಎಂದು ಒಳಗಿಂದ ಹೇಳಿದರು. "ಯಜಮಾನ್ರೇ, ಈಗ ಬರೆದುಕೊಡ್ತೀನಿ. ಆದರೆ 'ನನ್ನ ಶಿಲ್ಪ' ಅಂತಲ್ಲ, 'ನಮ್ಮ ಶಿಲ್ಪ' ಅಂತ."

ಎಂಜಿನಿಯರು ಕಾಗದ ಓದಿ ಹಣೆ ಉಜ್ಜಿಕೊಂಡರು. ಹಿತ್ತಾಳೆಯ ಫಲಕ ಆಗಲೇ ತಯಾರಾಗಿ ಬಂದಿತ್ತು, ಮೇಷ್ಟ್ರೊಬ್ಬರ ಹೆಸರಿನಲ್ಲಿ. ಕೂಲಿಯವರ ಹೆಸರು ಹಾಕಲು ನಿಯಮವಿಲ್ಲ ಎಂದರು. ನಿಯಮವಿಲ್ಲ ಎಂದು ಎಲ್ಲಿ ಬರೆದಿದೆ ತೋರಿಸಿ ಎಂದೆ. ಹುಡುಕಿದರು, ಸಿಗಲಿಲ್ಲ, ಹಾಕಬಹುದು ಎಂದೂ ಎಲ್ಲೂ ಇರಲಿಲ್ಲ. ಎರಡು ದಿನ ವಾದ ಮಾಡಿದೆ. ಕೊನೆಗೆ ಮೇಷ್ಟ್ರೇ, ಅವರ ಹೆಸರಿಲ್ಲದಿದ್ದರೆ ನನ್ನದೂ ಬೇಡ ಎಂದುಬಿಟ್ಟರು. ಫಲಕ ಆಫೀಸಿನ ಬೀರುವಿನಲ್ಲೇ ಉಳಿಯಿತು. ಆ ವಾದದಲ್ಲಿ ನಾನು ಗೆಲ್ಲಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ 'ನಮ್ಮ' ಎಂದು ಬರೆದ ಕಾಗದಕ್ಕೆ ನಾನೇ ನಂಬರು ಹಾಕಿ ಫೈಲಿಗೆ ಸೇರಿಸಿದೆ, ತಹಶೀಲ್ದಾರರ ಅರ್ಜಿಯ ಮೇಲೆ.

ಭಾನುವಾರ ಪಾರ್ಕು ತೆರೆಯಿತು. ಭಾಷಣವಾಯಿತು, ಮಕ್ಕಳು ಎರಡು ಕಲ್ಲಿನ ನಡುವೆ ಓಡಿ ಓಡಿ ಹಾದರು. ತಹಶೀಲ್ದಾರರು ಹೊಸ ಬೆಂಚಿನಲ್ಲಿ ಬೆನ್ನು ಒರಗಿಸಿ, ಮೈಸೂರಿನಿಂದ ಬಂದ ಸ್ನೇಹಿತರಿಗೆ, "ಎಡಗಡೆಯದು ಇದೆಯಲ್ಲ, ನಾಲ್ಕು ತಿಂಗಳು ನನ್ನ ಹತ್ತಿರ ಇತ್ತು" ಎಂದು ಹೇಳುತ್ತಿದ್ದರು.

ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಜನ ಚದುರಿದ ಮೇಲೆ ಕಲ್ಲಿನ ಹತ್ತಿರ ಹೋಗಿ, ಜೇಬಿನಿಂದ ದಾರ ಕಟ್ಟಿದ ತೂಕದ ಗುಂಡು ತೆಗೆದು, ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ.

"ಒಂದು ನೂಲು ಈಚೆಗೆ ವಾಲ್ಕಂಡದೆ ಕಣವ್ವ" ಎಂದ. ನೂಲು ಅಂದರೆ ನಮ್ಮವರ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಪಾಲು. "ಒಂದು ಹಾರೆ ತಂದ್ರೆ ಈಗ್ಲೇ ನೆಟ್ಟಗೆ..."

"ಅಪ್ಪಾ, ಮೊದ್ಲು ಮೇಷ್ಟ್ರನ್ನ ಕೇಳು!" ಎಂದು ಕೂಗಿದೆ.

ಅಪ್ಪ ದಾರ ಸುತ್ತಿಕೊಂಡು ಮೇಷ್ಟ್ರ ಹತ್ತಿರ ಹೋದ. ಇಬ್ಬರೂ ಕಲ್ಲಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಎಷ್ಟು ಹೊತ್ತು ಮಾತಾಡಿದರೋ. ನಾನು ದೂರದಲ್ಲೇ ನಿಂತಿದ್ದೆ. ಒಂದು ಸಲ ಅಪ್ಪ ಗಾಳಿಯಲ್ಲಿ ಕೈಯಿಂದ ಏನೋ ಆಕಾರ ಬಿಡಿಸಿ ತೋರಿಸಿದ್ದು, ಮೇಷ್ಟ್ರು ತಲೆಯಾಡಿಸಿದ್ದು ಕಂಡಿತು. ಆಮೇಲೆ ಅಪ್ಪ ಎದ್ದು ಬಂದು, ತೂಕದ ಗುಂಡನ್ನು ಜೇಬಿಗೆ ಹಾಕಿಕೊಂಡ.

"ಇರ್ಲಿ ಅಂದ್ರು" ಎಂದ. "ವಾಲಿರೋದೂ ನಂದೇ ಕೈಯಂತೆ."